ಬಾಗಿದ ಕೊರಳು

ಒಂದು ಬಟ್ಟಲು ಅಂಬಲಿ ತಮ್ಮನ ಹೊಟ್ಟೆ ಸೇರಬೇಕಾದರೆ ಏನೇನು ಖರ್ಚು ಬೀಳುತ್ತದೆ ಎಂಬುದನ್ನು ಗುರುಬಾಯಿ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲವಳಾಗಿದ್ದಳು. ಬಿಸಿಲು ಹೊಸ್ತಿಲು ದಾಟಿ ಬೀಸುವ ಕಲ್ಲನ್ನು ಮುಟ್ಟುವಷ್ಟು ಹೊತ್ತು. ಮೂವತ್ತೋ ನಲವತ್ತೋ ಗುಟುಕು, ಗುಟುಕಿಗೊಂದು ಕೆಮ್ಮು. ಮೂಗಿನಿಂದ ವಾಪಸ್ಸು ಬಂದದ್ದನ್ನು ಒರೆಸಲು ಹಳೆಯ ಧೋತರದ ಎರಡು ತುಂಡು. ಇಬ್ಬರು ಹೆಂಗಸರ ಇಡೀ ಮುಂಜಾನೆ. ಇಷ್ಟೆಲ್ಲ ಆಗಿ ಒಳಗೆ ಇಳಿಯುತ್ತಿದ್ದದ್ದು ಅರ್ಧ ಬಟ್ಟಲು. ಉಳಿದರ್ಧ ಅಂಗಿಯ ಮೇಲೆ, ಚಾಪೆಯ ಮೇಲೆ. ಇದಲ್ಲದೆ ಇನ್ನೊಂದು ಖರ್ಚಿತ್ತು. ಐವತ್ತು ದಾಟಿದ ಗಂಡಸು, ಆಳಂದದ ಪ್ಯಾಟಿಯಲ್ಲಿ ನಾಲ್ಕು ಮಂದಿ ಎದ್ದು ನಿಂತು ಮಾತಾಡಿಸುತ್ತಿದ್ದ ಬಸವಂತರಾಯ, ಪ್ರತಿ ಗುಟುಕಿನ ನಂತರ ಅಕ್ಕನಿಗೂ ಹೆಂಡತಿಗೂ ಮುಖ ತೋರಿಸಲಾರದೆ ಗೋಡೆಯ ಕಡೆ ತಿರುಗಿ ಕೂರುವುದು. ಅದಕ್ಕೆ ಎಷ್ಟು ಬೆಲೆಯೋ ಅವಳಿಗೆ ತಿಳಿಯದು. ಎಲ್ಲಕ್ಕಿಂತ ತುಟ್ಟಿಯಾದದ್ದು ಅದೇ ಎಂದು ಮಾತ್ರ ಗೊತ್ತಿತ್ತು.

ಅಂದು ಎಳ್ಳಮಾವಾಸ್ಯೆಯ ಮರುದಿನ. ಮಾದನಹಿಪ್ಪರಗಾದ ಮನೆಮನೆಯಲ್ಲೂ ನಿನ್ನೆಯ ಹಬ್ಬ ಇನ್ನೂ ಅಡಿಗೆಮನೆಯಲ್ಲಿ ಉಳಿದಿತ್ತು. ಸಜ್ಜಿ ರೊಟ್ಟಿ ಬುಟ್ಟಿಯಲ್ಲಿ ಸೆಟೆದುಕೊಂಡು ಕೂತಿದ್ದವು. ಹತ್ತು ಬಗೆಯ ಕಾಳು, ಸೊಪ್ಪು, ಹುಣಸೆ, ಕಡಲೆಹಿಟ್ಟು ಹಾಕಿ ಕುದಿಸಿ ಕಡೆದ ಭಜ್ಜಿ ದೊಡ್ಡ ಮಗಿಯಲ್ಲಿ ತಣ್ಣಗಾಗಿ ಗಟ್ಟಿಯಾಗಿತ್ತು. ಹೊಲದಲ್ಲಿ ಊರೇ ಕೂತು ಉಂಡು ಬಂದಿತ್ತು. ಈ ಮನೆಯವರು ಮಾತ್ರ ಪೈರಿನ ಮೇಲೆ ಎಡೆಯ ಚರಗ ಚೆಲ್ಲಿ, ಉಂಡಂತೆ ಮಾಡಿ, ಬೇಗ ಮನೆಗೆ ಬಂದಿದ್ದರು. ಉಣ್ಣಲಾರದವನ ಎದುರಿಗೆ ಉಣ್ಣುವುದಕ್ಕೆ ಯಾರಿಗೂ ಬಾಯಿ ಬರಲಿಲ್ಲ. ನಾಳೆ ಬೆಳಗಾಗುವ ಮೊದಲೇ ಬಂಡಿ ಹೂಡಬೇಕು. ಕಲಬುರ್ಗಿಯ ಡಾಕ್ಟರು ಹೇಳಿ ಕಳಿಸಿದ್ದರು: ಮುಂಬಯಿಯಲ್ಲಿ ರೇಡಿಯಂ ಇಟ್ಟು ಸುಟ್ಟ ಮೇಲೆ ಗಂಟಲಿನ ಹುಣ್ಣು ಮಾಯ್ದಿದೆ, ಆದರೆ ಗಂಟಲು ಬಿಗಿದಿದೆ, ನೀರು ಗಾಳಿಯ ದಾರಿಗೆ ಇಳಿಯುತ್ತಿದೆ, ಅದಕ್ಕೇ ಎರಡು ಸಲ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂದದ್ದು, ಹೀಗೇ ಬಿಟ್ಟರೆ ಮನುಷ್ಯ ಉಳಿಯುವುದಿಲ್ಲ, ಹೊಟ್ಟೆಗೆ ತೂತು ಹಾಕಿ ರಬ್ಬರಿನ ನಳಿಗೆ ಕೂರಿಸಿ ಅದರೊಳಗೆ ಹಾಲು ಹುಯ್ಯಬೇಕು. ಬಸವಂತರಾಯ ಒಲ್ಲೆನೆಂದಿದ್ದ. ಅವನ ದನಿ ಈಗ ಹರಿದ ಚೀಲದ ಹಾಗೆ ಸೋರುತ್ತಿತ್ತು, ಆದರೂ ಆ ಮಾತು ಮಾತ್ರ ಮನೆಯಲ್ಲೆಲ್ಲ ಕೇಳುವ ಹಾಗೆ ಹೇಳಿದ್ದ. ಲಿಂಗಕ್ಕೆ ತೋರಿಸಿದ್ದು ಪ್ರಸಾದ. ಅದು ನಾಲಿಗೆ ಮುಟ್ಟದೆ ಹೊಟ್ಟೆಯ ಪಕ್ಕದಿಂದ ಒಳಗೆ ಹೋದರೆ ಅದಕ್ಕೆ ಏನನ್ನಬೇಕು? ತೊಟ್ಟಿಗೆ ನೀರು ಬಿಟ್ಟಂತಲ್ಲವೆ? ಬಂಡಿ ಹೂಡಿಸಿದರೆ ಹೂಡಿಸಿರಿ, ನಾನು ಹತ್ತುವುದಿಲ್ಲ.

ಗುರುಬಾಯಿಗೆ ನಳಿಗೆಯಲ್ಲಿ ಪಾಪವೇನೂ ಕಾಣುತ್ತಿರಲಿಲ್ಲ. ನಳಿಗೆಗೂ ತೋರಿಸಿ ಹಾಕಿದರಾಯಿತು, ದೇವರಿಗೇನು ದಾರಿ ತಿಳಿಯದೆ, ಎಂದು ಅವಳ ಲೆಕ್ಕ. ತೀರ ಬೇಕಾದರೆ ಕೈಕಾಲು ಹಿಡಿದಾದರೂ ಬಂಡಿಗೆ ಹಾಕುವವಳೇ. ಆದರೆ ಒಲ್ಲದವನ ಹೊಟ್ಟೆಗೆ ಹುಯ್ದ ಹಾಲು ಅವನನ್ನು ಎಷ್ಟು ದಿನ ಬದುಕಿಸೀತು? ಮಗಿಯ ಮುಂದೆ ಕೂತು ಅವಳು ಭಜ್ಜಿಯ ಮೇಲೆ ಕಟ್ಟಿದ ಕೆನೆಯನ್ನು ಸೌಟಿನ ತುದಿಯಿಂದ ಮುಟ್ಟುತ್ತ ಇದನ್ನೇ ಯೋಚಿಸುತ್ತಿದ್ದಳು. ಸೌಟು ಮುಟ್ಟಿದಲ್ಲಿ ಕುಳಿ ಬಿದ್ದು ಹಾಗೇ ಉಳಿಯಿತು. ಅವನ ಕೆನ್ನೆಯಲ್ಲೂ ಇಂಥದೇ ಕುಳಿ. ಹದಿನಾಲ್ಕು ವರ್ಷದವನಿದ್ದಾಗ ಆ ಕೆನ್ನೆ ಊದಿ ಗಡಿಗೆಯಂತಾಗಿತ್ತು, ಹಲ್ಲುನೋವು, ಅಕ್ಕಾ ಅಕ್ಕಾ ಎಂದು ಹೊರಳಾಡಿದ್ದ. ಗೊಬ್ಬೂರಿನ ಗಂಡನ ಮನೆಯಿಂದ ಹಬ್ಬಕ್ಕೆ ಬಂದಿದ್ದ ಅವಳು ಸಂಚಿ ಬಿಚ್ಚಿ ಒಂದು ಚಿಟಿಕೆ ತಂಬಾಕಿಗೆ ಸುಣ್ಣ ತಿಕ್ಕಿ ಅವನ ದವಡೆಯಲ್ಲಿ ಇಟ್ಟಿದ್ದಳು. ನೋವು ಹೋಯಿತು, ತಂಬಾಕು ಉಳಿಯಿತು. ಮೂವತ್ತೇಳು ವರ್ಷ ಆ ದವಡೆಯಲ್ಲೇ ಉಳಿಯಿತು. ಮುಂಬಯಿಯ ಡಾಕ್ಟರು ತಂಬಾಕು ಯಾವಾಗಿನಿಂದ ಎಂದು ಕೇಳಿದಾಗ ಅವನು ಅಕ್ಕನ ಮುಖ ನೋಡಲಿಲ್ಲ. ‘ನೆಪ್ಪಿಲ್ರಿ’ ಅಂದ. ಆ ಸುಳ್ಳನ್ನು ಅವಳು ಸೊಲ್ಲಾಪುರದ ರೈಲಿನಲ್ಲಿ, ಗಡಿ ದಾಟುವಾಗ ಪೊಲೀಸರು ಗಂಟುಗಳನ್ನು ಬಿಚ್ಚಿಸಿ ನೋಡುತ್ತಿದ್ದಾಗಲೂ, ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಆಚೆ ಕಡೆ ಸ್ವಾತಂತ್ರ್ಯ ಬಂತೆಂದು ಜನ ಕುಣಿಯುತ್ತಿದ್ದರು, ಈಚೆ ಕಡೆ ಇನ್ನೂ ನಿಜಾಮರ ರಾಜ್ಯ, ಏನಾಗುವುದೋ ಎಂದು ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು. ಅವಳಿಗೆ ಎರಡೂ ಕಡೆ ಒಂದೇ ಯೋಚನೆ: ನನ್ನ ಕೈಯಿಂದ ಇಟ್ಟದ್ದು ಅವನ ಗಂಟಲು ಕೆಡಿಸಿತು, ನನ್ನ ಕೈಯಿಂದ ಮಾಡಿದ್ದು ಅವನ ಗಂಟಲು ಇಳಿಯದು.

‘ಅಕ್ಕಾರ, ಭಜ್ಜಿಗೆ ಬಿಸಿನೀರು ಹಾಕಿ ತೆಳ್ಳಗ ಮಾಡ್ಲೇನ್ರಿ?’ ತಮ್ಮನ ಹೆಂಡತಿ ಕಸ್ತೂರಿಬಾಯಿ ಬಾಗಿಲಲ್ಲಿ ನಿಂತು ಕೇಳಿದಳು. ‘ನಿನ್ನಿ ಅಂಬಲಿಗಿಂತ ಇನ್ನೂ ಜರಾ ತೆಳ್ಳಗ ಮಾಡಿದ್ರ ಇಳೀಬಹುದು.’

‘ನಿನ್ನಿ ಅಂಬಲಿ ನೀರಿಗಿಂತ ತೆಳ್ಳಗ ಇತ್ತು. ಇನ್ನೂ ತೆಳ್ಳಗಂದ್ರ ಏನು, ಗಾಳಿ ಕುಡಿಸ್ತೀಯೇನು?’

‘ನನಗ್ಯಾಕ ಬೈತೀರಿ? ನಿಮ್ಮ ಕೈ ಅಡಗಿ ಅಂದ್ರ ಮೂರು ಊರು ಉಂಡು ಕೈ ನೆಕ್ಯಾವ. ಇವರಿಗೊಬ್ಬರಿಗೇ ಇಳೀವಲ್ದು.’

ಮಾತು ಮುಗಿಸುವ ಮೊದಲೇ ಕಸ್ತೂರಿಬಾಯಿಗೆ ತಾನು ಆಡಬಾರದ್ದು ಆಡಿದೆ ಎನಿಸಿ ಸೆರಗು ಬಾಯಿಗೆ ಹೋಯಿತು. ಗುರುಬಾಯಿಗೆ ಸಿಟ್ಟು ಬರಲಿಲ್ಲ. ಖರೆಯ ಮಾತಿಗೆ ಸಿಟ್ಟಾಗಿ ಉಪಯೋಗವಿಲ್ಲ. ಮೂರು ತಿಂಗಳಿಂದ ಇಬ್ಬರೂ ಪೈಪೋಟಿಗೆ ಬಿದ್ದಂತೆ ನೀರು ಹಾಕುತ್ತ ಬಂದಿದ್ದರು. ಗುರುಬಾಯಿ ಗಂಜಿಯನ್ನು ಬಟ್ಟೆಯಲ್ಲಿ ಸೋಸಿದರೆ ಕಸ್ತೂರಿಬಾಯಿ ಎರಡು ಸಲ ಸೋಸುವಳು. ಅವಳು ಹಿಂದೆ ಒಂದು ಲೋಡು ಇಟ್ಟರೆ ಇವಳು ಇನ್ನೊಂದು ತಂದಿಟ್ಟು ಅವನನ್ನು ನವಾಬನ ಹಾಗೆ ಒರಗಿಸುವಳು. ತಟ್ಟೆ ಇಡುವ ಅಡ್ಡಣಿಗೆಯ ಕೆಳಗೆ ಹಲಗೆ ಕೊಟ್ಟು ಎತ್ತರಿಸಿದ್ದರು, ಬಗ್ಗುವ ಕಷ್ಟ ಬೇಡವೆಂದು. ನೀರು ಕುಡಿಯುವಾಗ ಅವನು ಮೊದಲಿನಿಂದಲೂ ತಂಬಿಗೆಯನ್ನು ತುಟಿಗೆ ಮುಟ್ಟಿಸದೆ ತಲೆ ಹಿಂದಕ್ಕೆ ಚೆಲ್ಲಿ ಮೇಲಿನಿಂದ ಧಾರೆ ಬಿಟ್ಟುಕೊಳ್ಳುವವನು, ಮಡಿವಂತ. ಈಗ ಕೈ ನಡುಗುವುದರಿಂದ ಆ ಧಾರೆಯನ್ನೂ ಇವರೇ ಬಿಡುತ್ತಿದ್ದರು, ಸಣ್ಣಗೆ, ದೇವರಿಗೆ ಅಭಿಷೇಕ ಮಾಡಿದಷ್ಟು ನಾಜೂಕಾಗಿ. ಅವನು ಕೆಮ್ಮುತ್ತಿದ್ದ, ಕಣ್ಣು ಹೊರಗೆ ಬರುವಷ್ಟು ಕೆಮ್ಮುತ್ತಿದ್ದ. ಮರುದಿನ ಇವರು ಇನ್ನಷ್ಟು ನಾಜೂಕಾಗುತ್ತಿದ್ದರು.

ಅಂಗಳದಲ್ಲಿ ಹೊಲದ ಆಳು ಧರ್ಮಣ್ಣ ಕೆಮ್ಮಿ ತನ್ನ ಇರವನ್ನು ತಿಳಿಸಿದ. ‘ಅಕ್ಕಾರ, ನಾಳಿಗಿ ಬಂಡಿ ಹೂಡೂದು ಖರೇ ಇದ್ರ ಈಗೇ ಹೇಳಿಬಿಡ್ರಿ. ಎತ್ತಿಗೆ ಇವತ್ತು ಹೊಟ್ಟಿ ತುಂಬ ಮೇಸಬೇಕಾಗ್ತದ.’

‘ನಮ್ಮ ಮನಿಯಾಗ ಎತ್ತಿಗರೆ ಹೊಟ್ಟಿ ತುಂಬಲಿ, ಮೇಸು ಹೋಗು,’ ಅಂದಳು ಗುರುಬಾಯಿ. ಧರ್ಮಣ್ಣ ನಗಬೇಕೋ ಬೇಡವೋ ತಿಳಿಯದೆ ಅರ್ಧ ನಕ್ಕು ಹೋದ.

ಪಡಸಾಲೆಯಲ್ಲಿ ಬಸವಂತರಾಯ ಪೂಜೆಗೆ ಕೂತಿದ್ದ. ಬಟ್ಟಲು ಹಿಡಿದುಕೊಂಡು ಅವಳು ಕಂಬಕ್ಕೆ ಒರಗಿ ಕಾಯತೊಡಗಿದಳು. ಹಣೆಗೆ ವಿಭೂತಿ, ಎಡಗೈಯಲ್ಲಿ ಲಿಂಗ. ಸೊರಗಿದ ಬೆನ್ನಿನ ಎಲುಬು ಒಂದೊಂದೂ ಎಣಿಸುವ ಹಾಗೆ ಕಾಣುತ್ತಿದ್ದರೂ ಕೂತ ಠೀವಿ ಮಾತ್ರ ಅಪ್ಪನದೇ. ಅಪ್ಪ ಹೀಗೆ ಕೂತಾಗ ಇವನು ಹಿಂದಿನಿಂದ ಬಂದು ಅಪ್ಪನ ಕಿವಿಯಲ್ಲಿ ಹುಲ್ಲುಕಡ್ಡಿ ಆಡಿಸುತ್ತಿದ್ದ. ಅಪ್ಪ ಕಣ್ಣು ತೆರೆಯದೆಯೇ ಕೈ ಹಿಂದೆ ಚಾಚಿ ಕಿವಿ ಹಿಡಿಯುತ್ತಿದ್ದ, ತಪ್ಪಿ ಒಮ್ಮೆ ಇವಳ ಕಿವಿ ಹಿಡಿದಿದ್ದ. ಆ ಕಿವಿ ಈಗಲೂ ಬಿಸಿಯಾದಂತಾಗಿ ಗುರುಬಾಯಿ ಮುಟ್ಟಿ ನೋಡಿಕೊಂಡಳು. ಬಸವಂತರಾಯ ಲಿಂಗದ ಮೇಲೆ ನೀರು ಬಿಟ್ಟ. ಅಂಗೈಯಲ್ಲಿ ನಿಂತ ಪಾದೋದಕಕ್ಕೆ ತಲೆ ಬಾಗಿಸಿದ, ಗದ್ದ ಎದೆಗೆ ಹತ್ತಿತು, ತುಟಿ ಅಂಗೈಗೆ ಮುಟ್ಟಿತು, ಹೀರಿದ. ಮತ್ತೆ ನೀರು ಬಿಟ್ಟ, ಮತ್ತೆ ಬಾಗಿದ, ಹೀರಿದ. ಮೂರನೆಯ ಸಲ. ಆಮೇಲೆ ತಲೆ ಎತ್ತಿ ಕಣ್ಣು ಮುಚ್ಚಿ ಕೂತ.

ಕೆಮ್ಮಲಿಲ್ಲ.

ಇದನ್ನು ಅವಳು ಮೂರು ತಿಂಗಳಿಂದ ದಿನಾ ನೋಡುತ್ತಿದ್ದಳು. ನೋಡಿಯೂ ಕಂಡಿರಲಿಲ್ಲ. ಹಿಂದೊಮ್ಮೆ ಕಸ್ತೂರಿಬಾಯಿ, ‘ಲಿಂಗದ ನೀರು ಮಾತ್ರ ಹ್ಯಾಂಗ ಇಳೀತದ ನೋಡ್ರಿ, ಕೃಪಾ’ ಅಂದಾಗ ಇವಳೂ ಹೌದೆಂದು ಕೈ ಮುಗಿದಿದ್ದಳು. ಇಂದು ಕೈ ಮುಗಿಯಲು ಹೋದರೆ ಕೈಯಲ್ಲಿ ಬಟ್ಟಲಿತ್ತು. ಕೃಪೆ ಇರಲಿ, ಎಂದುಕೊಂಡಳು ಅವಳು. ಆದರೆ ನೀರು ಯಾವುದು? ನಾನೇ ಸೇದಿ ತಂದ ಬಾವಿಯ ನೀರು. ಅದೇ ಕೊಡ. ಅದೇ ಗಂಟಲು. ಊಟದ ಹೊತ್ತಿಗೆ ಒದೆಯುವ ನೀರು ಪೂಜೆಯ ಹೊತ್ತಿಗೆ ಯಾಕೆ ಸುಮ್ಮನೆ ಇಳಿಯಬೇಕು? ದೇವರು ಇವನಿಗೆ ಮುಂಜಾನೆ ಒಲಿದು ಮಧ್ಯಾಹ್ನ ಮುನಿಯುವಷ್ಟು ಚಂಚಲನೇ? ದೇವರ ಮೇಲೆ ಅಂಥ ಅಪವಾದ ಹೊರಿಸಲು ಅವಳಿಗೆ ಮನಸ್ಸಾಗಲಿಲ್ಲ. ಹಾಗಾದರೆ ಬೇರೆ ಏನೋ ಇರಬೇಕು.

ಬಟ್ಟಲನ್ನು ಅಲ್ಲೇ ಇಟ್ಟು ಅವಳು ಅಡಿಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿದಳು. ತಂಬಿಗೆ ಎತ್ತಿ, ತಲೆ ಹಿಂದಕ್ಕೆ ಚೆಲ್ಲಿ, ಮೇಲಿನಿಂದ ನೀರು ಬಿಟ್ಟುಕೊಂಡಳು. ಎಡಗೈ ತನ್ನ ಗಂಟಲ ಮೇಲೆ. ನುಂಗುವಾಗ ಗಂಟಲ ಗಂಟು ಮೇಲಕ್ಕೆ ಜಿಗಿಯುತ್ತದೆ. ತಲೆ ಹಿಂದೆ ಚೆಲ್ಲಿದ್ದರೆ ಅದು ಜಿಗಿಯಲು ಒದ್ದಾಡುತ್ತದೆ, ಅಷ್ಟರಲ್ಲಿ ನೀರು ತನ್ನಷ್ಟಕ್ಕೆ ತಾನೇ ಹಿಂದಕ್ಕೆ ಓಡಿರುತ್ತದೆ. ಗಟ್ಟಿ ಗಂಟಲಿದ್ದವರು ಅದನ್ನು ಹಿಡಿದುಕೊಳ್ಳುತ್ತಾರೆ. ಬಿಗಿದ ಗಂಟಲು ಹ್ಯಾಂಗೆ ಹಿಡಿದೀತು? ಈಗ ಅಂಗೈಯಲ್ಲಿ ನೀರು ಹಾಕಿಕೊಂಡು, ಗದ್ದ ಎದೆಗೆ ಹಚ್ಚಿ ಹೀರಿದಳು. ನೀರು ಬಾಯಲ್ಲೇ ನಿಂತಿತು. ತಾನು ನುಂಗು ಅಂದಾಗಲೇ ಹೋಯಿತು. ಮತ್ತೊಮ್ಮೆ ಮೇಲಿನಿಂದ. ಮತ್ತೊಮ್ಮೆ ಬಾಗಿ. ಸೆರಗು ಒದ್ದೆ, ಕುಪ್ಪಸ ಒದ್ದೆ. ಕಸ್ತೂರಿಬಾಯಿ ಬಾಗಿಲು ತಳ್ಳಿಕೊಂಡು ಬಂದಾಗ ಮನೆಯ ಹಿರಿಯ ಹೆಣ್ಣುಮಗಳು ಕರುವಿನ ಹಾಗೆ ಅಂಗೈಗೆ ಬಾಗಿ ನೀರು ಹೀರುತ್ತಿದ್ದಳು.

‘ಅಯ್ಯ, ಏನಾತ್ರಿ ಅಕ್ಕಾರ ನಿಮಗ?’

‘ನನಗೇನೂ ಆಗಿಲ್ಲ. ನಾವಿಬ್ಬರೂ ಶಾಣ್ಯಾರು ಅಂದ್ಕೊಂಡಿದ್ದೆವು ನೋಡು, ಅದಕ್ಕ ಏನೋ ಆತು. ಮೊದಲು ಆ ಲೋಡು ಎರಡೂ ತಗದು ಒಗಿ.’

‘ಲೋಡು ತಗದ್ರ ಅವರು ಒರಗೂದು ಹ್ಯಾಂಗ್ರಿ?’

‘ಒರಗಬಾರದು ಅಂತೇ ತಗಿ ಅನ್ನಾಕತ್ತೇನಿ. ಅಡ್ಡಣಿಗಿ ಕೆಳಗಿನ ಹಲಗಿನೂ ತಗಿ. ತಟ್ಟಿ ನೆಲದ ಮ್ಯಾಲ ಇರಲಿ. ಅವ ಬಗ್ಗಬೇಕು.’

ಬಸವಂತರಾಯ ಲೋಡುಗಳು ಹೋಗುವುದನ್ನು ಯಾರೋ ಮನೆಯ ಸಾಮಾನು ಜಪ್ತಿ ಮಾಡಿ ಒಯ್ಯುತ್ತಿರುವಂತೆ ನೋಡಿದ. ಅಕ್ಕ ನೀರಿನ ಬಟ್ಟಲು ಹಿಡಿದು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, ‘ಪೂಜಾಕ್ಕ ಬಾಗಿದಂಗ ಬಾಗು. ಹಂಗೇ ನೀರು ಕುಡಿ,’ ಅಂದಳು.

‘ಅಕ್ಕಾ,’ ಅವನ ದನಿ ಗುಳುಗುಳು ಎಂದಿತು, ‘ಪಾದೋದಕದ ಜೋಡಿ ಆಟ ಆಡಬ್ಯಾಡ.’

‘ಪಾದೋದಕ ಅಲ್ಲಲೇ, ಬರೇ ನೀರು. ಬಾವ್ಯಾಗಿನ ನೀರು. ದೇವರ ಮುಂದ ತಲಿ ಬಾಗಿಸ್ತಿ, ನೀರಿನ ಮುಂದ ಬಾಗಿಸಾಕ ಏನು ಸೊಕ್ಕು ನಿನಗ?’

ಅವನು ಕಣ್ಣು ಕೆಂಪಗೆ ಮಾಡಿದ. ಅದು ಅವಳಿಗೆ ಹಿತವೆನಿಸಿತು. ಎಷ್ಟೋ ದಿನದ ನಂತರ ಅವನಿಗೆ ಸಿಟ್ಟು ಬಂದಿತ್ತು. ಗೋಡೆಯ ಕಡೆ ತಿರುಗುವವನಿಗಿಂತ ಸಿಟ್ಟಿನವನು ಮೇಲು. ಆ ಸಿಟ್ಟಿನಲ್ಲೇ ಅವನು ಬಟ್ಟಲು ಹಿಡಿದು ಗದ್ದ ಎದೆಗೆ ಹಚ್ಚಿ ಹೀರಿದ. ಮೂವರೂ ಕಾದರು. ಒಂದು ಸಣ್ಣ ಕೆಮ್ಮು ಬಂತು, ಒಂದೇ. ಮೂಗಿನಿಂದ ಏನೂ ಬರಲಿಲ್ಲ. ಅವನು ಬಟ್ಟಲಿನೊಳಗೆ ನೋಡಿದ, ನೀರು ನಿಜಕ್ಕೂ ಕಡಿಮೆಯಾಗಿದೆಯೇ ಎಂದು.

‘ಬಂತಲ್ಲ ಕೆಮ್ಮು,’ ಅಂದ, ಗೆದ್ದವನ ಹಾಗೆ.

ಅದು ಗುರುಬಾಯಿಗೂ ಚುಚ್ಚಿತು. ಪಾದೋದಕ ಎಂದರೆ ಮೂರು ಹನಿ, ಇದು ಗುಟುಕು. ನೀರು ಓಡುವ ಜಾತಿ, ಎಷ್ಟು ಬಾಗಿದರೂ ಅದಕ್ಕೆ ಅವಸರವೇ. ಓಡದೇ ಇರುವುದು ಯಾವುದು? ಓಡದೆ, ಅಂಟದೆ, ಒಟ್ಟಾಗಿ ಒಂದು ಮುದ್ದೆಯಾಗಿ ಹೋಗುವುದು? ಸೌಟು ಮುಟ್ಟಿದ ಕುಳಿ ಹಾಗೇ ಉಳಿದ ಭಜ್ಜಿ ಅವಳ ಕಣ್ಣ ಮುಂದೆ ಬಂತು. ಮೂರು ತಿಂಗಳು ಯಾವುದರಲ್ಲಿ ನೀರು ತುಂಬಿಸುತ್ತ ಬಂದಿದ್ದರೋ ಅದರಿಂದ ನೀರು ತೆಗೆಯಬೇಕಾಗಿತ್ತೇ? ಎದ್ದವಳೇ ಅಡಿಗೆಮನೆಗೆ ಹೋಗಿ ಮಗಿಯಿಂದ ಭಜ್ಜಿ ತೆಗೆದು, ನಾರು ಉಳಿಯದಂತೆ ಅರಿವೆಯಲ್ಲಿ ತಿಕ್ಕಿ, ಒಂದು ಉಂಡೆ ಬೆಣ್ಣೆ ಸೇರಿಸಿ ಕಲಸಿದಳು. ರೇಡಿಯಂ ಅವನ ಬಾಯಿಯ ಜೊಲ್ಲನ್ನೆಲ್ಲ ಒಣಗಿಸಿತ್ತು, ಜಾರಲು ಏನಾದರೂ ಬೇಕಲ್ಲ. ಕಸ್ತೂರಿಬಾಯಿ ಅಭ್ಯಾಸದಂತೆ ಬಿಸಿನೀರಿನ ಚೆಂಬು ತಂದಳು. ಗುರುಬಾಯಿ ಆ ಕೈಯನ್ನು ಹಿಡಿದುಕೊಂಡಳು.

‘ಗಟ್ಟಿ ಅದರಿ ಅಕ್ಕಾರ, ಗಂಟಲಾಗ ನಿಂತ್ರ?’ ಕಸ್ತೂರಿಬಾಯಿ ಚೆಂಬು ಕೆಳಗಿಡಲಿಲ್ಲ. ಗುರುಬಾಯಿ ಕೈ ಬಿಡಲಿಲ್ಲ. ಹಿಂದೆ ಒಮ್ಮೆ ಖಾತ್ರಿಯಿಂದ ಇಟ್ಟ ಒಂದು ಚಿಟಿಕೆ ಏನು ಮಾಡಿತು ಎಂಬುದು ಆ ಗಳಿಗೆ ಅವಳ ಮೈತುಂಬ ಹರಿದಾಡಿತು. ‘ಉಗುರಿನಷ್ಟು ಕೊಡೂಣು,’ ಅಂದಳು. ‘ಮೊದಲು ಉಗುರಿನಷ್ಟು.’

ಬಸವಂತರಾಯ ತಟ್ಟೆಯನ್ನು ಲಿಂಗಕ್ಕೆ ತೋರಿಸಿದ. ಬಾಗಿದ. ಬೆರಳ ತುದಿಯಲ್ಲಿ ಉಗುರಿನಷ್ಟು ಭಜ್ಜಿ ನಾಲಿಗೆಗೆ ಹಚ್ಚಿ, ಬಾಯಿ ಮುಚ್ಚಿ, ಬಹಳ ಹೊತ್ತು ಇಟ್ಟುಕೊಂಡ. ಅಂಗಳದಲ್ಲಿ ಧರ್ಮಣ್ಣ ಎತ್ತಿಗೆ ಏನೋ ಹೇಳುತ್ತಿದ್ದ. ಗಂಟಲ ಗಂಟು ಮೇಲೆ ಹೋಯಿತು, ನಿಂತಿತು, ಇಳಿಯಿತು.

‘ಇನ್ನೊಮ್ಮಿ ನುಂಗು. ಬಾಯಾಗ ಏನೂ ಇಲ್ಲಂದ್ರೂ ನುಂಗು,’ ಅಂದಳು ಗುರುಬಾಯಿ. ಗೋಡೆಗೆ ಸುಣ್ಣ ಎರಡು ಸಲ ಬಳಿಯಬೇಕಾದಂತೆ ಇದಕ್ಕೂ ಎರಡು ಕೈ ಬೇಕೆಂದು ಅವಳಿಗೆ ಯಾಕೋ ಅನಿಸಿತು. ಅವನು ಬರಿ ಬಾಯಿ ನುಂಗಿದ. ‘ಈಗ ಮಾತಾಡು.’

‘ಏನು ಮಾತಾಡ್ಲಿ?’

ದನಿ ಸೋರುತ್ತಿತ್ತು, ಆದರೆ ಗುಳುಗುಳು ಇರಲಿಲ್ಲ. ನೀರಿನ ಮೇಲಿಂದ ಬರುವ ದನಿಯಲ್ಲ, ಒಣ ದನಿ. ಕಸ್ತೂರಿಬಾಯಿ ಅದನ್ನು ಮೊದಲು ಕಂಡುಹಿಡಿದಳು. ಗಂಡನ ದನಿಯನ್ನು ಇಪ್ಪತ್ತೆಂಟು ವರ್ಷ ಕೇಳಿದವಳು. ಬಾಯಿ ಮುಚ್ಚಿಕೊಂಡು ಅಡಿಗೆಮನೆಗೆ ಓಡಿದಳು, ಹಾಗೇ ವಾಪಸ್ಸು ಓಡಿಬಂದಳು, ತಪ್ಪಿಹೋದೀತೆಂದು.

ಉಗುರಿನಷ್ಟು ಬೆರಳಿನಷ್ಟಾಯಿತು, ಬೆರಳಿನಷ್ಟು ಚಮಚದಷ್ಟಾಯಿತು. ತುತ್ತಿಗೆ ಎರಡು ಸಲ ನುಂಗುವುದು, ಮಾತಾಡಿ ನೋಡುವುದು, ಮತ್ತೆ ತುತ್ತು. ಏಳನೆಯದೋ ಎಂಟನೆಯದೋ ತುತ್ತಿಗೆ ಅವನು ತಲೆ ಬಾಗಿಸಿಯೇ ಇದ್ದು, ನಿಧಾನವಾಗಿ, ‘ಅಕ್ಕಾ, ಇದಕ್ಕ ಉಪ್ಪು ಕಮ್ಮಿ ಆಗ್ಯಾದ,’ ಅಂದ.

ಮೂರು ತಿಂಗಳು ಅವನಿಗೆ ಯಾವುದರ ರುಚಿಯೂ ಬೇಕಾಗಿರಲಿಲ್ಲ. ಬದುಕಿದರೆ ಸಾಕೆಂದು ನುಂಗುವವನಿಗೆ ಉಪ್ಪೇನು, ಖಾರವೇನು. ಮೊದಲು ಗುರುಬಾಯಿ ನಕ್ಕಳು. ‘ಮೂರು ಊರು ಉಂಡ ಕೈ ಇದು! ಉಪ್ಪು ಕಮ್ಮಿ ಅಂತಾನ ಭಾಡ್ಯಾ! ಕೇಳಿದೇನು ಕಸ್ತೂರಿ?’ ಕಸ್ತೂರಿಬಾಯಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ‘ನಾನೂ ನಿನ್ನೇನೇ ಹೇಳಬೇಕಂತ ಮಾಡಿದ್ದೆರಿ, ಅಂಜಿದೆ!’ ಬಸವಂತರಾಯನ ಹೆಗಲು ಕುಲುಕತೊಡಗಿದವು, ಬಾಯಲ್ಲಿ ತುತ್ತಿತ್ತು. ಗುರುಬಾಯಿ ಅವನ ತೊಡೆಗೆ ಫಟ್ಟೆಂದು ಹೊಡೆದಳು. ‘ನಗಬ್ಯಾಡಲೇ! ನುಂಗು ಮೊದಲು. ನುಂಗಿ ನಗು. ಸಂಜೀತನ ನಗು, ಯಾರು ಬ್ಯಾಡಂದಾರ.’ ಅವನು ಕಷ್ಟಪಟ್ಟು ನುಂಗಿದ, ಎರಡನೆಯ ಸಲವೂ ನುಂಗಿದ, ಆಮೇಲೆ ಸದ್ದಿಲ್ಲದ ಅವನ ಈಗಿನ ನಗೆಯನ್ನು, ಬರಿ ಗಾಳಿಯ ನಗೆಯನ್ನು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕ.

ತಟ್ಟೆ ಖಾಲಿಯಾದಾಗ ಬಿಸಿಲು ಇನ್ನೂ ಹೊಸ್ತಿಲ ಹತ್ತಿರವೇ ಇತ್ತು. ಅವನು ತಟ್ಟೆಗೆ ನೀರು ಬಿಡು ಎಂದು ಸನ್ನೆ ಮಾಡಿದ. ಉಂಡ ತಟ್ಟೆಯನ್ನು ತೊಳೆದು ಆ ನೀರನ್ನು ಕುಡಿಯುವುದು ಮನೆತನದ ವ್ರತ. ಪ್ರಸಾದದ ಒಂದಗುಳೂ ಕೆಡಬಾರದು. ಕಾಯಿಲೆ ಬಿದ್ದಾಗಿನಿಂದ ಅವನ ತಟ್ಟೆಯ ನೀರನ್ನು ಅವಳು ಒಳಗೆ ಒಯ್ದು ಕುಡಿಯುತ್ತಿದ್ದಳು, ಅವನಿಗೆ ಕಾಣದ ಹಾಗೆ. ಕಾಣದ ಹಾಗೆ ಎಂದು ಅವಳು ತಿಳಿದಿದ್ದಳು.

‘ಇವತ್ತೊಂದಿನ ನಾ ಕುಡೀತೀನಿ ಬಿಡು,’ ಅಂದಳು. ಇಷ್ಟು ಗೆದ್ದದ್ದನ್ನು ಒಂದು ಗುಟುಕು ನೀರಿಗೆ ಯಾಕೆ ಒಡ್ಡಬೇಕು?

‘ದಿನಾ ನೀನೇ ಕುಡದಿ. ನನಗ ಗೊತ್ತದ.’ ಅವನು ತಲೆ ಎತ್ತಿ ಅವಳ ಮುಖವನ್ನು ನೇರವಾಗಿ ನೋಡಿದ. ‘ಹಲ್ಲುಬ್ಯಾನಿ ದಿನ ನೀ ಇಲ್ದಿದ್ರ ನಾ ಅವತ್ತೇ ಸಾಯ್ತಿದ್ದೆ ಅಂತ ಅನಸ್ತಿತ್ತು ನನಗ. ಅಷ್ಟು ಬ್ಯಾನಿ. ಅದನ್ನ ಹೇಳಬೇಕಂತ ಮಾಡಿದ್ದೆ, ಮುಂಬೈದಾಗ. ಬಾಯಿ ಹುಣ್ಣಾಗಿತ್ತು.’

ಅವಳು ತಟ್ಟೆಯನ್ನು ಹತ್ತಿರ ಎಳೆದುಕೊಂಡಳು. ತಟ್ಟೆಗೆ ಎರಡು ಚಮಚ ನೀರು ಬಿಟ್ಟಳು. ಅವನು ಬೆರಳಿನಿಂದ ಅಂಚಿನ ಭಜ್ಜಿಯನ್ನೆಲ್ಲ ಕಲಸಿ, ನೀರು ನೀರಾಗಿರದಷ್ಟು ದಪ್ಪ ಮಾಡಿ, ತಟ್ಟೆಯನ್ನು ಎರಡೂ ಕೈಯಲ್ಲಿ ಎದೆಯ ಹತ್ತಿರ ಹಿಡಿದು ಬಾಗಿದ. ಬಹಳ ಹೊತ್ತು ಬಾಗಿಯೇ ಇದ್ದ. ತಟ್ಟೆ ಕೆಳಗಿಟ್ಟಾಗ ಅದು ಬೆಳಗಿದಂತೆ ಸ್ವಚ್ಛವಾಗಿತ್ತು.

ಧರ್ಮಣ್ಣ ಮತ್ತೆ ಬಂದು ಕೇಳಿದ. ನಾಳೆ ಬೇಡ, ಅಂದಳು ಗುರುಬಾಯಿ. ಎಂಟು ದಿನ ನೋಡೋಣ. ಮೈ ತುಂಬಿದರೆ ಸೈ, ಇಲ್ಲದಿದ್ದರೆ ಕಲಬುರ್ಗಿ ಎಲ್ಲಿಗೂ ಹೋಗುವುದಿಲ್ಲ, ನಳಿಗೆಯೂ ಹೋಗುವುದಿಲ್ಲ. ಬಸವಂತರಾಯ ಅದಕ್ಕೆ ಹೂಂ ಅಂದ. ಒಲ್ಲೆ ಅನ್ನಲಿಲ್ಲ.

ಬಂಡಿ ಹೂಡುವ ಪ್ರಸಂಗ ಬರಲಿಲ್ಲ. ಗಟ್ಟಿ ಮೊಸರು, ಗಿಣ್ಣ, ಕಡೆದ ಬೇಳೆ, ಹಿಸುಕಿದ ಬಾಳೆಹಣ್ಣು, ಎಲ್ಲವೂ ಕೊರಳು ಬಾಗಿಸಿ, ತುತ್ತಿಗೆ ಎರಡು ಸಲ. ಎದೆಯ ಜ್ವರ ಮರಳಿ ಬರಲಿಲ್ಲ. ಜೋಳದ ರೊಟ್ಟಿ ಅವನಿಗೆ ಹೋಯಿತು, ಪೂರಾ ಹೋಯಿತು. ಮುರಿದು ತಿನ್ನುವ ಯಾವುದೂ ಆ ಗಂಟಲಿಗೆ ಮತ್ತೆ ಒಗ್ಗಲಿಲ್ಲ. ಬೀಗರ ಸಾಲಿನಲ್ಲಿ ಕೂತು ಮಾತಾಡುತ್ತ ಉಣ್ಣುವ ಸುಖವೂ ಹೋಯಿತು, ಉಣ್ಣುವಾಗ ಅವನು ಮಾತಾಡುವಂತಿರಲಿಲ್ಲ. ಅಡಿಗೆಯ ವಿಷಯದಲ್ಲಿ ತನಗೆ ತಿಳಿಯದ್ದೇ ಇಲ್ಲವೆಂಬ ಗುರುಬಾಯಿಯ ಜಂಭ ಹೋಯಿತು. ಉಳಿದದ್ದು ಇಷ್ಟು: ತಮ್ಮ ಹೊತ್ತುಹೊತ್ತಿಗೆ ಹಸಿದು ಬಂದು ತಟ್ಟೆಯ ಮುಂದೆ ಕೂರುತ್ತಿದ್ದ, ಉಂಡು ಏಳುತ್ತಿದ್ದ.